ಮರಿಬಸಪ್ಪನ ಹಿತ್ತಲ ಗಾಳಿ

ಕುರುಗೋಡಿನಲ್ಲಿ ಉಚ್ಚೆಂಗೆಮ್ಮನ ಖಾರದ ಗಿರಣಿ ಶುರುವಾಯಿತೆಂದರೆ ಓಣಿಗೆ ಓಣಿಯೇ ಸೀನುತ್ತಿತ್ತು. ತಪ್ಪು ಮೆಣಸಿನಕಾಯಿಯದಲ್ಲ, ಮೋಟರಿನದು. ಮೈ ತಣಿಸಿಕೊಳ್ಳಲೆಂದು ಅದರ ಬೆನ್ನಿನ ಫ್ಯಾನು ಗಾಳಿ ಎಳೆದು ಬೀಸುತ್ತಿತ್ತು. ನೆಲಕ್ಕೆ ಬಿದ್ದ ಖಾರವೆಲ್ಲ ಆ ಗಾಳಿ ಹತ್ತಿ ಪಕ್ಕದ ಮನೆಗೆ ಹೋಗುತ್ತಿತ್ತು. ಪಕ್ಕದ ಮನೆ ಯಾರದು? ಉಬ್ಬಸದ ಮರಿಬಸಪ್ಪನದು!

"ಇನ್ನೊಂದು ಸಲ ಸೀನು ಬಂತೋ, ಗಿರಣಿ ಊರಾಚಿಗೆ ಎತ್ತಿಸ್ತೀನಿ ನೋಡು," ಎಂದು ಅವನು ಖಡಾಖಂಡಿತ ಹೇಳಿಬಿಟ್ಟಿದ್ದ. ಓಣಿಯವರೂ ಹೂಂ ಅಂದಿದ್ದರು. ತಲೆ ಮೇಲೆ ಚೀಲ ಹೊತ್ತು ಬರುವ ಹೆಂಗಸರು ಊರಾಚೆಗೆ ಯಾಕೆ ಬಂದಾರು? ಗಿರಣಿ ಮುಚ್ಚಿದ ಹಾಗೆಯೇ.

ಉಚ್ಚೆಂಗೆಮ್ಮ ಮೋಟರಿಗೆ ಪ್ಲೈವುಡ್ ಪೆಟ್ಟಿಗೆ ಹೊಡೆಸಿದಳು. ಖಾರ ಹಾರುವುದು ನಿಂತಿತು, ಸೀನು ನಿಂತಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೋಟರೂ ನಿಂತಿತು. ಬಳ್ಳಾರಿಯಿಂದ ಬಂದ ವೈಂಡಿಂಗ್ ಸುಭಾಷ್ ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತಿದ.

"ಅಕ್ಕಾ, ಇನ್ನೊಮ್ಮಿ ಸುಟ್ಟರ ಇದು ಗುಜರಿಗೇ. ಪೆಟ್ಟಿಗಿ ತೆಗಿ," ಎಂದ.

"ಅದನ್ನ ತೆಗದ್ರ ಮರಿಬಸಪ್ಪ ನನ್ನ ತೆಗೀತಾನ," ಎಂದಳು.

ಆಮೇಲೆ ಏನು ಮಾಡಿದಳು ಗೊತ್ತೇ? ನೀರಿನ ಗಡಿಗೆಗೆ ಸುತ್ತುವ ಹಾಗೆ ಪೆಟ್ಟಿಗೆಗೆ ಹಸಿ ಗೋಣಿಚೀಲ ಸುತ್ತಿದಳು. ಕರೆಂಟಿನ ಪೆಟ್ಟಿಗೆಗೆ ನೀರು! ಹುಚ್ಚುತನವೇ ಸರಿ, ಆದರೆ ಈ ಬಿಸಿಲ ಸೀಮೆಯಲ್ಲಿ ತಣ್ಣಗೆ ಮಾಡುವುದೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಗೋಣಿ ತಣ್ಣಗಾಯಿತು, ಹಲಗೆ ತಣ್ಣಗಾಯಿತು. ಗಿರಣಿ ನಿಲ್ಲಿಸಿ ಒಳಗೆ ಕೈ ಇಟ್ಟರೆ ಮೋಟರು ಚುರ್ ಅಂದಿತು. ಅವಳಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಗಿರಣಿ ಓಡುವಾಗ ಫ್ಯಾನು ತಿರುಗುತ್ತಲೇ ಇರುತ್ತದಲ್ಲ, ಮತ್ತೆ ಯಾಕೆ ಈ ಜ್ವರ?

ಗೋಣಿ ಕಿತ್ತೆಸೆದು, ಊದಿನಕಡ್ಡಿ ಹಚ್ಚಿ ಪೆಟ್ಟಿಗೆಯೊಳಗೆ ಸಿಕ್ಕಿಸಿ, ಮೋಟರು ಚಾಲೂ ಮಾಡಿ, ಸಂದಿಯಿಂದ ಮೊಬೈಲ್ ಬೆಳಕು ಬಿಟ್ಟು ಇಣುಕಿದಳು. ಹೊಗೆ ಫ್ಯಾನಿನಿಂದ ಮುಂದಕ್ಕೆ ಹೋಯಿತು, ಹಲಗೆಗೆ ಬಡಿದು ತಿರುಗಿತು, ಮತ್ತೆ ಫ್ಯಾನಿನ ಬೆನ್ನಿಗೇ ಬಂತು.

"ಅಯ್ಯ ನಿನ್ನ! ಬಿಟ್ಟ ಉಸಿರನ್ನೇ ಎಳಕೊಳ್ಳಾಕತ್ತೀಯಲ್ಲೋ!" ಎಂದು ಮೋಟರನ್ನು ಬೈದಳು.

ಹಾಗಾದರೆ ಹೊಸ ಗಾಳಿ ಬೇಕು. ಗಿರಣಿಯೊಳಗಿನದು ಖಾರದ ಗಾಳಿ, ಬೀದಿಯದು ಲಾರಿಗಳ ಧೂಳಿನ ಗಾಳಿ. ಚೊಕ್ಕ ಗಾಳಿ ಇದ್ದದ್ದು ಒಂದೇ ಕಡೆ, ಬೇವಿನ ನೆರಳಿದ್ದ ಮರಿಬಸಪ್ಪನ ಹಿತ್ತಲಲ್ಲಿ. ನಡುವೆ ಒಂದು ಗೋಡೆ. ಗೋಡೆಗೆ ತೂತು ಕೊರೆದು ಹಿತ್ತಲಿಗೊಂದು ಪೈಪು ಹಾಕಿಕೊಳ್ಳಲೇ ಎಂದು ಅವಳು ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟಳು.

"ಇಷ್ಟು ದಿನ ಖಾರ ಕೊಟ್ಟಿ, ಈಗ ಗಾಳಿ ಕೇಳಾಕ ಬಂದೀಯೇನು?" ಮರಿಬಸಪ್ಪ ಕೆಂಡವಾದ. "ತೂತು ಕೊರದ್ರ ಖಾರ ನೆಟ್ಟಗ ನನ್ನ ಮೂಗಿಗೇ ಬರ್ತೈತಿ!"

"ಬರಂಗಿಲ್ರೀ. ಗಾಳಿ ನಿಮ್ಮ ಕಡಿಂದ ನಮ್ಮ ಕಡಿಗೆ ಬರ್ತೈತಿ. ಬಿಸಿದು ಇನ್ನೊಂದು ಪೈಪಿನಾಗ ಮಾಳಿಗಿ ಮ್ಯಾಲೆ ಹೋಗ್ತೈತಿ. ಒಂದೇ ಒಂದು ಸೀನು ಬರಲಿ, ಗಿರಣಿ ನಾನೇ ಎತ್ತತೀನಿ."

ಆ ಮಾತಿನ ಮೇಲೆ ಮರಿಬಸಪ್ಪ ಒಪ್ಪಿದ, ಗೋಡೆ ಕೊರೆದದ್ದಾಯಿತು. ಪೈಪಿನ ಒಂದು ತುದಿ ಫ್ಯಾನಿನ ಬೆನ್ನಿಗೆ, ಇನ್ನೊಂದು ಹಿತ್ತಲಿಗೆ. ಮರಿಬಸಪ್ಪ ಆ ಬಾಯಿಗೆ ಎದುರಾಗಿ ಕುರ್ಚಿ ಹಾಕಿಸಿ, ಮೂಗು ಮುಂದೆ ಮಾಡಿ ಕೂತ. ಸಿರುಗುಪ್ಪದಿಂದ ಬಂದಿದ್ದ ಮೆಣಸಿನಕಾಯಿ ಸುರಿದು ಉಚ್ಚೆಂಗೆಮ್ಮ ಗುಂಡಿ ಒತ್ತಿದಳು.

ಸೀನು ಬರಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲ. ಹಣ್ಣೆಲೆಯೊಂದು ತೇಲಿ ಬಂದು ಸರ್ರನೆ ಪೈಪಿನೊಳಗೆ ಹೋದದ್ದು ಕಂಡು ಮರಿಬಸಪ್ಪ ಬೆರಗಾದ. ಮೆಲ್ಲಗೆ ಅಂಗೈ ಒಡ್ಡಿದ. ಪೈಪು ಅಂಗೈಯನ್ನು ಜಗ್ಗಿ ಹಿಡಿಯಿತು. ಎಲಾ ಇದರ! ಅವನು ಕಣ್ಣರಳಿಸಿ ಇನ್ನೂ ಒತ್ತಿ ಹಿಡಿದ.

ಗೋಡೆಯಾಚೆ ಫ್ಯಾನಿನ ಸ್ವರ ಬದಲಾಯಿತು. ಉಚ್ಚೆಂಗೆಮ್ಮ ಕಿರುಚಿದಳು: "ಕೈ ತೆಗೀರಿ! ನನ್ನ ಮೋಟರ್ ಸಾಯ್ತೈತಿ!"

ಮರಿಬಸಪ್ಪ ತನ್ನ ಕೈ ನೋಡಿಕೊಂಡ. ಸುಮ್ಮನೆ ಹಾಗೇ ಹಿಡಿದಿದ್ದರೆ ಸಾಕಿತ್ತು. ಗಿರಣಿ ಎತ್ತಿಸಲು ಯಾರ ಬಾಗಿಲಿಗೂ ಹೋಗಬೇಕಿರಲಿಲ್ಲ. ಅದು ಅವನಿಗೂ ತಿಳಿಯಿತು. ತಿಳಿದದ್ದೇ ತಡ, ಕೈಯನ್ನು ಕಿತ್ತುಕೊಂಡ.

"ತಪ್ಪಾತವ್ವ, ತಪ್ಪಾತು! ಎಳಕೊಳ್ಳಲಿ, ಎಳಕೊಳ್ಳಲಿ!" ಎಂದು ಪೈಪಿನ ಬಾಯೊಳಗೇ ಕೂಗಿದ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಪೈಪಿನ ಹತ್ತಿರ ಬಂದ ಕೋಳಿಗಳನ್ನು ಓಡಿಸುತ್ತ ಸಂಜೆಯವರೆಗೂ ಅಲ್ಲೇ ಕೂತಿದ್ದ.