ಬೀರು ಹೊರುವ ಜೋಡಿ

ಪೀಠೋಪಕರಣದ ಅಂಗಡಿಗೆ, ಹೊರುವವರನ್ನು ಕೆಲಸಕ್ಕೆ ಕಳಿಸುವ ಹೊಸ ಸಾಫ್ಟ್‌ವೇರ್ ಬಂದ ವಾರವೇ ಎಡವಟ್ಟು ಶುರುವಾಯಿತು. ಅದಕ್ಕೆ ತೂಕ ಗೊತ್ತು, ದೂರ ಗೊತ್ತು, ಮೆಟ್ಟಿಲು ಮಾತ್ರ ಗೊತ್ತಿಲ್ಲ. ಮೂರನೇ ಮಹಡಿಗೆ ಹೋಗಬೇಕಾದ ಬೀರುವಿಗೆ ಹತ್ತಿರದಲ್ಲಿ ಬಿಡುವಾಗಿದ್ದ ಯಾರೋ ಇಬ್ಬರನ್ನು ಅಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೀರುವಿನ ಕನ್ನಡಿ ಮೆಟ್ಟಿಲ ಮೇಲೆ ಚೂರುಚೂರಾಯಿತು.

ಮಾಲೀಕರ ಮಗಳು ಸಾಫ್ಟ್‌ವೇರಿನವರನ್ನು ಕಾಡಿಬೇಡಿ ಒಂದು ದಾರಿ ಮಾಡಿಸಿದಳು. ಹೊರುವವರು ತಮಗೆ ಬೇಕಾದ ಜೊತೆಗಾರನನ್ನು ಫೋನಿನಲ್ಲಿ ಆರಿಸಬೇಕು. ಅವನೂ ಇವರನ್ನೇ ಆರಿಸಿದರೆ ಜೋಡಿ ಕಾಯಂ.

ಹೊರುವವರಲ್ಲಿ ಒಬ್ಬನಾದ ಗಿಡ್ಡಣ್ಣನಿಗೆ ನಗು ಬಂತು. ತಾನೂ ಉದ್ದಣ್ಣನೂ ಎಷ್ಟೋ ವರ್ಷದ ಜೋಡಿ ಎನ್ನುವುದನ್ನು ಕೇಳಿ ತಿಳಿಯಬೇಕೇ? ಮೆಟ್ಟಿಲೇರುವಾಗ ಗಿಡ್ಡ ಮೇಲೆ, ಉದ್ದ ಕೆಳಗೆ. ತಿರುವು ಬಂದರೆ ಒಂದು ‘ಹೂಂ’ ಸಾಕು. ಹೆಂಡತಿ ತೀರಿಕೊಂಡ ಮೇಲೆ ಗಿಡ್ಡಣ್ಣನ ಒಂಟಿ ಕೋಣೆಯಲ್ಲಿ ಮಾತಿಗೆ ಗೋಡೆಯೇ ಗತಿಯಾಗಿತ್ತು. ಹಾಗಾಗಿ ದಿನದ ಮಾತನ್ನೆಲ್ಲ ಅಂಗಡಿಯ ವ್ಯಾನಿನಲ್ಲೇ, ಉದ್ದಣ್ಣನ ಪಕ್ಕ ಕೂತು ಆಡಿ ಮುಗಿಸುತ್ತಿದ್ದ.

ಉದ್ದಣ್ಣನ ಹೆಸರನ್ನೇ ಒತ್ತಿದ. ‘ಎದುರಿನವರ ಒಪ್ಪಿಗೆ ಬಂದಿಲ್ಲ’ ಎಂದಿತು ಫೋನು. ಮರುದಿನವೂ ಅದೇ ರಾಗ. ಪಾಪ, ಒತ್ತಲು ಬಾರದ ಪ್ರಾಣಿ ಎಂದುಕೊಂಡು ಗಿಡ್ಡಣ್ಣ ಗೋದಾಮಿಗೆ ಹೋದ.

“ಕೊಡೋ ಇಲ್ಲಿ ಫೋನು, ನಾನೇ ಒತ್ತಿಕೊಡ್ತೀನಿ.”

ಉದ್ದಣ್ಣ ಹಗ್ಗ ಸುತ್ತುತ್ತಿದ್ದ. “ಒತ್ತಿದೀನಿ ಕಣೋ. ಬೇರೆಯವನನ್ನ.”

“ಯಾಕೋ?”

“ಮೆಟ್ಟಿಲಲ್ಲಿ ಭಾರ ಎಲ್ಲಾ ಕೆಳಗಿರೋನಿಗೇ ಬರುತ್ತೆ. ಸೊಂಟ ಬಿದ್ದುಹೋಗಿದೆ ನಂದು. ಅವನೂ ನನ್ನಷ್ಟೇ ಎತ್ತರ. ಕೆಳಗೆ ಒಂದು ಸಲ ಅವನು, ಒಂದು ಸಲ ನಾನು.”

“ಒಂದು ಮಾತು ಹೇಳಬಾರದಿತ್ತಾ?”

“ನೀನು ಮಾತಾಡ್ತಾ ಇದ್ದೆಯಲ್ಲ,” ಎಂದ ಉದ್ದಣ್ಣ, ಸಿಟ್ಟೇನೂ ಇಲ್ಲದೆ. “ನಡುವೆ ಎಲ್ಲಿ ಹೇಳಲಿ?”

ಗಿಡ್ಡಣ್ಣ ಗೋದಾಮಿನಿಂದ ಹೊರಬಂದ. ಜೊತೆಗೆ ಯಾರು ಬೇಕೆಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಕೇಳದೇ ಇದ್ದುದರಿಂದಲೇ ಜೋಡಿ ಉಳಿದಿತ್ತು. ಹಾಳಾದ ಸಾಫ್ಟ್‌ವೇರನ್ನು ಬೈಯೋಣವೆಂದರೆ, ಅದು ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅದೇ ಅವನನ್ನು ಹೆಚ್ಚು ನೋಯಿಸಿತು.

ಮಧ್ಯಾಹ್ನ ಸಾಫ್ಟ್‌ವೇರು ಅವನಿಗೆ ತನ್ನಷ್ಟಕ್ಕೆ ತಾನೇ ಒಬ್ಬ ಹೊಸಬನನ್ನು ಜೊತೆ ಹಾಕಿತು. ಊರಾಚೆಯ ಮನೆಗೆ ಮಂಚ ಒಯ್ಯಬೇಕಿತ್ತು, ದಾರಿ ಉದ್ದ. ಗಿಡ್ಡಣ್ಣ ಕಿಟಕಿಯಾಚೆ ನೋಡುತ್ತ ತುಟಿ ಬಿಗಿಹಿಡಿದು ಕೂತ. ಅರ್ಧ ದಾರಿಯಲ್ಲಿ ಹೊಸಬನಿಗೇ ಬೇಸರವಾಯಿತು.

“ಅಣ್ಣಾ, ನೀವು ಮಾತೇ ಆಡಲ್ವಾ?”

“ಇಲ್ಲಪ್ಪ,” ಎಂದ ಗಿಡ್ಡಣ್ಣ. “ನಂಗೆ ಮೊದಲಿಂದಲೂ ಅಭ್ಯಾಸ ಇಲ್ಲ.”