ಪಟ್ಟಿಯ ಕೊನೆಯ ಮನೆ

ಶವಪೆಟ್ಟಿಗೆಯ ಎಡಬದಿ ಹಿಡಿದಿದ್ದ, ಸತ್ತವನ ಸಹೋದ್ಯೋಗಿ ಡ್ವೇನ್‌ನ ಒಂದು ಬೂಟು ಕೆಸರಿನಲ್ಲಿ ಹೂತು ಅಲ್ಲೇ ಉಳಿಯಿತು. ಬರೀ ಕಾಲುಚೀಲದಲ್ಲಿ ಮೂರು ಹೆಜ್ಜೆ ನಡೆದು, ಗುಂಡಿಯ ಪಕ್ಕದ ಹಲಗೆಯ ಮೇಲೆ ಪೆಟ್ಟಿಗೆ ಇಳಿಸಿದ ಮೇಲೆಯೇ ಅವನು ಬೂಟಿಗಾಗಿ ಹಿಂದೆ ಹೋದ.

"ಇಪ್ಪತ್ತು ವರ್ಷ ನನ್ನನ್ನ ಕೆಸರಲ್ಲೇ ನಡೆಸ್ದ. ಕೊನೇ ದಿನಾನೂ ಬಿಡ್ಲಿಲ್ಲ ನೋಡಿ ಅರ್ವೊ," ಅಂದ.

ಅರ್ವೊ ಸತ್ತದ್ದು ಜನವರಿಯಲ್ಲಿ. ಆಗ ನಮ್ಮ ಕಡೆ ನೆಲ ನಾಲ್ಕಡಿ ಆಳದವರೆಗೂ ಕಲ್ಲು. ಹಿಮ ಕರಗುವ ತನಕ ಊರ ಸ್ಮಶಾನದಲ್ಲಿ ಯಾರೂ ಗುದ್ದಲಿ ಎತ್ತುವುದಿಲ್ಲ. ಮೂರು ತಿಂಗಳು ಸ್ಮಶಾನದ ಹಿಂದಿನ ಕಲ್ಲುಕೋಣೆಯಲ್ಲಿ ಕಾದಿದ್ದು, ಇವತ್ತು, ಏಪ್ರಿಲ್ ಹದಿನಾರರಂದು, ಅವನು ಮಣ್ಣಿಗೆ ಹೋಗುತ್ತಿದ್ದ.

"ಅವನಿಗೂ ಚಳಿ ನಿಯಮ ಅನ್ವಯ ಆಯ್ತು ಅನ್ನಿ," ಎಂದಳು ಅವನ ಅಕ್ಕ ಇಂಪಿ, ಎಂಬತ್ತು ದಾಟಿದವಳು. "ಹದಿನೈದು ಕಳೆಯೋವರೆಗೆ ಯಾರೂ ಕೈ ಹಚ್ಚೋ ಹಾಗಿರ್ಲಿಲ್ಲ."

ಅಳುತ್ತಿದ್ದವರೂ ನಕ್ಕರು. ಆ ನಿಯಮ ನಮ್ಮ ಗಣಿ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ. ಅಕ್ಟೋಬರ್ ಹದಿನೈದರಿಂದ ಏಪ್ರಿಲ್ ಹದಿನೈದರವರೆಗೆ, ಬಿಲ್ ಕಟ್ಟಲಾಗದಿದ್ದರೂ, ಗ್ಯಾಸ್ ಕಂಪನಿಗೆ ಫೋನ್ ಮಾಡಿ ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತೇನೆಂದು ಒಪ್ಪಿಕೊಂಡರೆ ಸಾಕು, ಮನೆ ಬೆಚ್ಚಗಿಡುವ ಗ್ಯಾಸನ್ನು ಅವರು ಕತ್ತರಿಸುವಂತಿಲ್ಲ. ಬೇರೆ ಊರಿನವರು ವಸಂತ ಯಾವಾಗ ಬರುತ್ತದೋ ಎಂದು ಕಾಯುತ್ತಾರೆ. ನಮ್ಮಲ್ಲಿ ಅರ್ಧ ಊರು, ಇನ್ನೊಂದು ವಾರ ಹಿಮ ಬೀಳಲಪ್ಪ ಎಂದು ಬೇಡಿಕೊಳ್ಳುತ್ತಿತ್ತು. ಯಾಕೆಂದರೆ ಹದಿನಾರರ ಬೆಳಿಗ್ಗೆ ಕಂಪನಿಯ ಅರ್ವೊ ಬಾಕಿದಾರರ ಪಟ್ಟಿ ಮತ್ತು ಸ್ಪ್ಯಾನರ್ ಹಿಡಿದು ಲಾರಿಯಿಂದ ಇಳಿಯುತ್ತಿದ್ದ.

ಸೈಮಾ ಎಲ್ಲರ ಹಿಂದೆ ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಸತ್ತವನಿಗೆ ನೆಂಟಳಲ್ಲ, ನೆರೆಯವಳೂ ಅಲ್ಲ. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ, 'ನಮ್ಮನೆ ಗ್ಯಾಸ್ ಮುಚ್ತಿದ್ದೋನು' ಎಂಬ ಉತ್ತರ ತಯಾರಿಟ್ಟುಕೊಂಡಿದ್ದಳು. ಯಾರೂ ಕೇಳಲಿಲ್ಲ. ಅವಳ ಹತ್ತಿರ ಇದ್ದದ್ದು ಅವನನ್ನೇ ಕೇಳಬೇಕಾದ ಒಂದು ಪ್ರಶ್ನೆ: ಅಷ್ಟು ವರ್ಷ ಬಂದದ್ದು ಪಟ್ಟಿಗಾಗಿಯೋ, ನನಗಾಗಿಯೋ? ಪೆಟ್ಟಿಗೆ ಕೆಳಗೆ ಇಳಿಯಿತು.

*

ಮೊದಲನೇ ಸಲ ಅವನು ಸೈಮಾಳ ಮನೆಗೆ ಬಂದಾಗ ಸಂಜೆ ನಾಲ್ಕು ಗಂಟೆ. ಗಣಿಯಲ್ಲಿ ಬೆನ್ನು ಮುರಿದುಕೊಂಡಿದ್ದ ಅವಳ ತಮ್ಮ ಓನ್ನಿ ಒಳಗೆ ಮಲಗಿದ್ದ. ಅರ್ವೊ ಟೋಪಿ ತೆಗೆದು ಬಾಗಿಲಲ್ಲಿ ನಿಂತ.

"ಒಲೆ ಮೇಲೆ ಕಾಫಿ ಇದೆ," ಎಂದಳು ಸೈಮಾ. "ಅದೊಂದು ಕುದಿಯೋವರೆಗೆ ತಡೀತೀರಾ?"

"ತಡೀತೀನಿ."

ಸಕ್ಕರೆ ಚೌಕವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಕಪ್ಪು ಕುಡಿದ. ಆಮೇಲೆ ಹೊರಗೆ ಹೋದ. ಪಕ್ಕದ ಗೋಡೆಯ ಮೀಟರಿನಲ್ಲಿ ಕಬ್ಬಿಣದ ಸದ್ದಾಯಿತು. ಒಲೆಯ ನೀಲಿ ಉರಿ ಕುಗ್ಗಿ ಆರಿತು. ಅವನು ಹಾಗೇ ಹೊರಟುಹೋಗುತ್ತಾನೆ ಅಂದುಕೊಂಡಳು. ಇಲ್ಲ, ಒಳಗೆ ಬಂದ.

"ಆಯ್ತು," ಎಂದ, ತಾನೇ ತಪ್ಪು ಮಾಡಿದವನ ಹಾಗೆ.

"ಕೆಟಲ್‌ನಲ್ಲಿ ಇನ್ನೂ ಇದೆ."

ಕೂತ. ಮತ್ತೆ ಬಿಸಿ ಮಾಡಲು ಉರಿಯಿಲ್ಲ. ಕೆಟಲ್ ತಣ್ಣಗಾಗುವವರೆಗೆ ಕೂತಿದ್ದು, ಆಮೇಲೆ ಎದ್ದು ಹೋದ.

ಮರುವರ್ಷ ಸೈಮಾ ಓನ್ನಿಯ ಉಣ್ಣೆಯ ಟೋಪಿಯನ್ನು ಕೆಟಲ್‌ಗೆ ತೊಡಿಸಿ ಕಾದಳು. ಉಣ್ಣೆಯ ಕೆಳಗೆ ಕಾಫಿ ಎರಡು ಗಂಟೆ ಬೆಚ್ಚಗಿರುತ್ತದೆ. ಅರ್ವೊ ಟೋಪಿಯನ್ನು ನೋಡಿ ಕುರ್ಚಿ ಎಳೆದುಕೊಂಡ. ಎರಡು ಗಂಟೆ ಕೂತ. ಕೆರೆಯ ಮಂಜುಗಡ್ಡೆ ಯಾವಾಗ ಒಡೆಯುತ್ತದೆ, ಓನ್ನಿಗೆ ರಾತ್ರಿ ನಿದ್ದೆ ಬರುತ್ತದೆಯೇ, ಇಷ್ಟೇ ಮಾತು. ನಮ್ಮ ಫಿನ್ನಿಶ್ ಜನ ಮಾತಿನಲ್ಲಿ ಮಹಾ ಜಿಪುಣರು. ಆದರೂ ಆ ಎರಡು ಗಂಟೆಗಾಗಿ ಸೈಮಾ ವರ್ಷವಿಡೀ ಹಂಬಲಿಸಿದಳು.

ಓನ್ನಿ ತೀರಿಕೊಂಡ ಮೇಲೆ ಔಷಧಿಯ ಖರ್ಚು ನಿಂತು ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯತೊಡಗಿತು. ಆ ಚಳಿಗಾಲ ಎಲ್ಲ ಬಿಲ್ಲನ್ನೂ ಕಟ್ಟಿದಳು. ಹದಿನಾರರಂದು ಕೆಟಲ್‌ಗೆ ಟೋಪಿ ತೊಡಿಸಿ ಅಡುಗೆಮನೆಯಲ್ಲಿ ಕೂತಳು. ಬಾಗಿಲು ಯಾರೂ ತಟ್ಟಲಿಲ್ಲ.

ಮುಂದಿನ ವರ್ಷದಿಂದ ಬಿಲ್ಲುಗಳನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. ಊರೆಲ್ಲ ಹೆದರುವ ಪಟ್ಟಿಯಲ್ಲಿ ತನ್ನ ಹೆಸರು ಇರಲಿ ಎಂದು ಬಯಸಿದವಳು ಇವಳೊಬ್ಬಳೇ. ಬೇಸಿಗೆಯಿಡೀ ಹಿತ್ತಲಲ್ಲಿ ಆವಿಸ್ನಾನಕ್ಕಿದ್ದ ಸೌನಾ ಗುಡಿಸಲಿನ ಸೌದೆ ಒಲೆಯಲ್ಲಿ ಬೇಯಿಸಿಕೊಂಡಳು. ಅಕ್ಟೋಬರಿನಲ್ಲಿ ಬಾಕಿ ಕಟ್ಟಿದರೆ ಗ್ಯಾಸ್ ತೆರೆಯುವುದಕ್ಕೆ ಬೇರೆಯವರು ಬರುತ್ತಿದ್ದರು. ಮುಚ್ಚುವವನು ಮಾತ್ರ ಅರ್ವೊ.

ಹೀಗೇ ಹನ್ನೆರಡು ವರ್ಷ. ಆಮೇಲೆ ಅವನು ನಿವೃತ್ತನಾದ. ಆ ಏಪ್ರಿಲ್ ಯಾರೋ ಹೊಸಬ ಬಂದು, ಬಾಗಿಲೂ ತಟ್ಟದೆ ಹೊರಗಿನಿಂದಲೇ ಮುಚ್ಚಿ ಹೋದ. ಅಲ್ಲಿಂದ ಸೈಮಾ ಒಂದು ಬಿಲ್ಲನ್ನೂ ತಪ್ಪಿಸಲಿಲ್ಲ. ಅರ್ವೊನ ಮನೆ ನಾಲ್ಕೇ ರಸ್ತೆ ಆಚೆ. ಆದರೆ ಕೆಲಸವಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವವರು ನಮ್ಮಲ್ಲಿ ಯಾರಿದ್ದಾರೆ? ಅಂಗಡಿಯಲ್ಲಿ ಸಿಕ್ಕರೆ 'ಹಿಮ ಕರಗ್ತಿದೆ' ಎನ್ನುತ್ತಿದ್ದ. 'ಹೌದು' ಎನ್ನುತ್ತಿದ್ದಳು.

*

ಚರ್ಚಿನ ನೆಲಮಾಳಿಗೆಯಲ್ಲಿ ಏಲಕ್ಕಿ ಬ್ರೆಡ್ಡಿನ ವಾಸನೆ ತುಂಬಿತ್ತು. ಒಂದು ಮೇಜಿನ ಮೇಲೆ ಇಂಪಿ ತಮ್ಮನ ಸಾಮಾನು ಜೋಡಿಸಿದ್ದಳು. ಬಂದವರು ನೆನಪಿಗೆ ಒಂದೊಂದು ಒಯ್ಯಬೇಕು. ಡ್ವೇನ್ ತಟ್ಟೆ ಹಿಡಿದು ಬಂದು ಸೈಮಾಳ ಎದುರು ಕೂತ.

"ಸ್ಪ್ರೂಸ್ ರಸ್ತೆ ಸೈಮಾ ನೀವೇ ಅಲ್ವಾ? 'ಟೋಪಿ ಕಾಫಿ'?"

"ಏನಂದ್ರಿ?"

"ನಿಮ್ಮನೇನ ಅವನು ಹಂಗೇ ಕರೀತಿದ್ದ. ಪಟ್ಟಿ ಕೈಗೆ ಬಂದ ತಕ್ಷಣ ನಿಮ್ಮನೆ ಕೊನೇಗೆ. ನಾನು ಹೋಗ್ಬರ್ತೀನಿ ಅಂದ್ರೆ ಕಚ್ಚೋಕೇ ಬರೋನು. ಲಾರೀಲೇ ಅಂಗಿ ಬದಲಾಯ್ಸೋನು ಕಣ್ರೀ. ಗ್ಯಾಸ್ ಮುಚ್ಚೋಕೆ ಇಸ್ತ್ರಿ ಅಂಗಿ!"

ಸೈಮಾ ಕಪ್ಪನ್ನು ಕೆಳಗಿಟ್ಟಳು.

"ಒಂದ್ವರ್ಷ ನಿಮ್ಮ ಹೆಸರು ಬರ್ಲಿಲ್ಲ. ಆದ್ರೂ ನಿಮ್ಮನೆ ಎದ್ರು ಲಾರಿ ನಿಲ್ಲಿಸ್ಕೊಂಡು ಕೂತ. ಹೋಗೋ ಮಾರಾಯ, ಬಾಗ್ಲು ತಟ್ಟು ಅಂದೆ. ಕೆಲಸ ಇಲ್ದೆ ಹೆಂಗೋ ಹೋಗ್ಲಿ ಅಂದ."

"ನಾನು ಅಡುಗೆಮನೇಲಿದ್ದೆ," ಎಂದಳು ಸೈಮಾ ಮೆಲ್ಲಗೆ.

"ನಿವೃತ್ತಿ ಆದ್ಮೇಲೂ ಬಿಡ್ಲಿಲ್ಲ. ಪ್ರತೀ ಏಪ್ರಿಲ್ ಫೋನು. ಸ್ಪ್ರೂಸ್ ರಸ್ತೆ ಇದೆಯೇನೋ ಪಟ್ಟೀಲಿ? ಇಲ್ಲ ಅಂದ್ರೆ, ಒಳ್ಳೇದಾಯ್ತು ಬಿಡು ಅಂತ ಇಟ್ಬಿಡೋನು."

"ಅವರು ನಿವೃತ್ತಿ ಆದ ಮೊದಲ್ನೇ ವರ್ಷ ನನ್ನ ಹೆಸರು ಇತ್ತಲ್ಲ."

"ಆ ವರ್ಷ ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೇಲಿದ್ದ. ಆಮೇಲೆ ಗೊತ್ತಾಗಿ ನನಗೆ ಬೈದಿದ್ದೇ ಬೈದಿದ್ದು. ಮುಂದಿನ ಸಲ ಬರ್ಲಿ, ನಾನೇ ಹೋಗ್ತೀನಿ, ಸ್ಪ್ಯಾನರ್ ನನ್ ಹತ್ರಾನೇ ಇದೆ ಅಂದ."

ಆಮೇಲಿನ ಆರು ವರ್ಷ ತಾನು ಒಂದು ತಿಂಗಳೂ ತಪ್ಪದೆ ಬಿಲ್ ಕಟ್ಟಿದ್ದು ಸೈಮಾಳಿಗೆ ನೆನಪಾಯಿತು. ತಟ್ಟೆ ಸರಿಸಿ ಎದ್ದಳು.

"ನೀನೂ ಏನಾದ್ರೂ ತಗೊಳೇ," ಎಂದು ಇಂಪಿ ಕರೆದಳು. "ರೇಡಿಯೋ ಇದೆ, ಗಾಳದ ಕೋಲಿದೆ."

ಸೈಮಾ ಸ್ಪ್ಯಾನರ್ ಎತ್ತಿಕೊಂಡಳು. ಹಿಡಿಗೆ ಸುತ್ತಿದ್ದ ಬಟ್ಟೆ ಬೆರಳಿನ ಅಚ್ಚಿಗೆ ಸವೆದಿತ್ತು.

"ಅಯ್ಯೋ, ಆ ಕಬ್ಬಿಣ ಯಾಕೇ? ವರ್ಷಾ ವರ್ಷಾ ನಿನ್ನ ಬಾಗ್ಲಿಗೆ ಬರ್ತಿದ್ದ ಶನಿ ಅದು."

"ಗೊತ್ತು," ಎಂದಳು ಸೈಮಾ.

ನಾಲ್ಕು ಗಂಟೆಗೆ ಮನೆಯಲ್ಲಿ ಕಾಫಿ ಕುದಿಯಿತು. ಎರಡು ಕಪ್ಪಿಗೆ ಬಗ್ಗಿಸಿದಳು, ಎರಡೂ ತಟ್ಟೆಯಲ್ಲಿ ಸಕ್ಕರೆ ಚೌಕ ಇಟ್ಟಳು. ತನ್ನ ಕಪ್ಪನ್ನು ಕುಡಿದು ಮುಗಿಸಿ, ಒಲೆ ಉರಿಯುತ್ತಿರುವಂತೆಯೇ ಕೋಟು ತೊಟ್ಟು ಸ್ಪ್ಯಾನರ್ ಹಿಡಿದು ಹೊರಗೆ ಹೋದಳು. ಗೋಡೆಯ ಬುಡದಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಮೀಟರಿನ ತಿರುಪು ಬಿಗಿಯಾಗಿತ್ತು. ಎರಡೂ ಕೈ ಹಾಕಿ ಮೈಭಾರ ಬಿಟ್ಟಾಗ ಕಾಲು ಸುತ್ತು ತಿರುಗಿತು.

ಒಳಗೆ ಬಂದಾಗ ಒಲೆಯಲ್ಲಿ ನೀಲಿ ಉರಿ ಇರಲಿಲ್ಲ.

"ಆಯ್ತು," ಎಂದಳು, ಖಾಲಿ ಕುರ್ಚಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಓನ್ನಿಯ ಟೋಪಿಯನ್ನು ಕೆಟಲ್‌ಗೆ ತೊಡಿಸಿ, ಕೆಳಗಿನವರೆಗೆ ಎಳೆದು ಕೂತಳು. ಮನೆ ನಿಧಾನವಾಗಿ ತಣ್ಣಗಾಗತೊಡಗಿತು. ಕಿಟಕಿಯ ಬೆಳಕು ಮೇಜು ದಾಟಿ ಗೋಡೆಗೆ ಹೋಯಿತು. ಆಗಾಗ ಅವಳು ಉಣ್ಣೆಯ ಕೆಳಗೆ ಕೈ ತೂರಿಸಿ ಮುಟ್ಟಿ ನೋಡುತ್ತಿದ್ದಳು. ಇನ್ನೂ ಬೆಚ್ಚಗಿತ್ತು.