ಎರಡನೆಯ ಸಿಲಿಂಡರಿನ ಸದ್ದು

ಹಲ್ಲಿನ ಡಾಕ್ಟರು ತಮ್ಮ ಹಳೆಯ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಗ್ಯಾರೇಜಿಗೆ ತಂದ ದಿನ ಅಣ್ಣ ತಂಗಿ ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಎರಡು ಬಾಗಿಲಿನ, ದುಂಡು ದೀಪಗಳ ಕಾರು. ವಯಸ್ಸು ಐವತ್ತರ ಆಸುಪಾಸು. ಮೈಮೇಲೆ ಒಂದು ಗೀರಿರಲಿಲ್ಲ. ಇಂಜಿನ್ ಮಾತ್ರ ಏರು ರಸ್ತೆ ಕಂಡರೆ ಏದುಸಿರು ಬಿಡುತ್ತಿತ್ತು.

"ನಮ್ಮ ದೊಡ್ಡಪ್ಪನ ಕಾರು ಇದು. ನೋಡೋಕೆ ಹೀಗೇ ಇರ್ಲಿ, ಒಳಗೆ ಮಾತ್ರ ಹುಲಿ ಕೂತಿರ್ಬೇಕು," ಎಂದರು ಡಾಕ್ಟರು.

"ಕೂರಿಸೋಣ ಬಿಡಿ. ಬೋನು ಮಾತ್ರ ಸ್ವಲ್ಪ ಚಿಕ್ಕದಾಯ್ತು," ಎಂದು ಅಣ್ಣ ಬಾನೆಟ್ ಎತ್ತಿ ನಕ್ಕ.

ಅಣ್ಣನಿಗೆ ಅರವತ್ತೆರಡು. ಊರಿನ ಗ್ಯಾರೇಜಿನವರೆಲ್ಲ ಅವನನ್ನು ನಾಡಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ ಯಾವ ವಾಲ್ವ್ ಸಡಿಲವಾಗಿದೆ, ಯಾವ ಬೇರಿಂಗ್ ಸವೆದಿದೆ ಎಂದು ಕರಾರುವಾಕ್ಕಾಗಿ ಹೇಳಿಬಿಡುತ್ತಿದ್ದ. ತಂಗಿ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ವೈರಿಂಗ್ ಕೆಲಸವೆಲ್ಲ ಅವಳದೇ ಆದ್ದರಿಂದ ಗಿರಾಕಿಗಳ ಬಾಯಲ್ಲಿ ವೈರಮ್ಮ ಆಗಿದ್ದಳು. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅಂದಿನಿಂದ ಅಪ್ಪನೂ ಅವನೇ, ಗುರುವೂ ಅವನೇ. ಇಂಜಿನ್ ವಿಷಯದಲ್ಲಿ ಅಣ್ಣ ಒಂದು ಮಾತು ಹೇಳಿದರೆ ಅವಳಿಗೆ ಅದರ ಮೇಲೆ ಇನ್ನೊಂದು ಮಾತಿರಲಿಲ್ಲ.

ಹಿಂಭಾಗ ಅಪ್ಪಚ್ಚಿಯಾಗಿದ್ದ ಹೊಸ ಕಾರೊಂದರಿಂದ ಆರು ಸಿಲಿಂಡರಿನ ಇಂಜಿನ್ ಸಿಕ್ಕಿತು. ಹಳೆಯದಕ್ಕಿಂತ ಮೂರು ಪಟ್ಟು ಶಕ್ತಿ, ಒಂದೂವರೆ ಪಟ್ಟು ಉದ್ದ. ಅದಕ್ಕೆ ಜಾಗ ಮಾಡಲು ರೇಡಿಯೇಟರನ್ನು ಮುಂದಕ್ಕೆ ತಳ್ಳಿದರು, ಇಂಜಿನ್ ಕೂರುವ ಕಾಲುಗಳನ್ನು ಹೊಸದಾಗಿ ಮಾಡಿ ಬೆಸೆದರು. ಇಷ್ಟಾದರೂ ಎಣ್ಣೆ ನಿಲ್ಲುವ ಕೆಳಗಿನ ತೊಟ್ಟಿ, ಅದನ್ನು ಸಂಪ್ ಎನ್ನುತ್ತಾರೆ, ಮುಂದಿನ ಚಕ್ರಗಳ ನಡುವಿನ ಅಡ್ಡ ತೊಲೆಗೆ ಬಡಿಯುತ್ತಿತ್ತು. ಅಣ್ಣ ಸಂಪನ್ನು ಕತ್ತರಿಸಿ, ಗಿಡ್ಡ ಮಾಡಿ, ಅಗಲ ಮಾಡಿ ಮತ್ತೆ ಬೆಸೆದ. ಎಣ್ಣೆ ಅತ್ತಿತ್ತ ತುಳುಕದಂತೆ ಒಳಗಿದ್ದ ತಡೆ ತಗಡುಗಳನ್ನು ಆಗ ತೆಗೆದವನು ತಿರುಗಿ ಹಾಕಲಿಲ್ಲ.

"ಇದೇನು ರೇಸಿಗೆ ಹೋಗೋ ಕಾರಾ? ಹಲ್ಲು ಕೀಳೋಕೆ ಹೋಗೋ ಕಾರು," ಎಂದ.

"ಆಯಿಲ್ ಪ್ರೆಶರ್ ಗೇಜ್ ಒಂದು ಹಾಕ್ಬಿಡ್ಲಾ ಅಣ್ಣ?"

"ಡ್ಯಾಶ್‌ಬೋರ್ಡ್ ತೂತು ಮಾಡಿದ್ರೆ ಡಾಕ್ಟರು ಅತ್ತೇಬಿಡ್ತಾರೆ. ಪ್ರೆಶರ್ ಇಳಿದ್ರೆ ಹತ್ತೋ ಕೆಂಪು ದೀಪ ಇದೆಯಲ್ಲ, ಸಾಕು. ಮಿಕ್ಕಿದ್ದಕ್ಕೆ ನನ್ನ ಕಿವಿ ಇದೆ."

ನಾಲ್ಕನೆಯ ತಿಂಗಳಲ್ಲಿ ಮೊದಲ ಸಲ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಗಿರಗಿರ ಸುತ್ತಿತೇ ಹೊರತು ಇಂಜಿನ್ ಹತ್ತಲಿಲ್ಲ. ಪ್ಲಗ್ಗಿನಲ್ಲಿ ಕಿಡಿಯೇ ಇರಲಿಲ್ಲ. ತಂಗಿ ಮೂರು ದಿನ ಮೀಟರ್ ಹಿಡಿದು ಕಾರಿನ ಕೆಳಗೆ ಅಂಗಾತ ಬಿದ್ದಿದ್ದಳು. ಕೊನೆಗೆ ನೋಡಿದರೆ ಅರ್ಥ್ ವೈರನ್ನು ಅವಳೇ ಬಣ್ಣ ಕೆರೆಯದೆ, ಕರೆಂಟು ಹರಿಯದಂತೆ ಬಣ್ಣದ ಮೇಲೆಯೇ ಬಿಗಿದಿದ್ದಳು.

"ವೈರಮ್ಮನಿಗೇ ಶಾಕ್!" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ನಾಚಿಕೆಯಿಂದ ತಲೆ ತಗ್ಗಿತು. ಬಣ್ಣ ಕೆರೆದು ಬಿಗಿದ ತಕ್ಷಣ ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು.

ಅಣ್ಣ ಸ್ಕ್ರೂಡ್ರೈವರ್ ತಂದ. ಈಚೆಗೆ ಒಂದು ವರ್ಷದಿಂದ ಅದರ ಹಿಡಿಯನ್ನು ಕಿವಿಗೆ ಇಡುವ ಬದಲು ಹಲ್ಲಿನಲ್ಲಿ ಕಚ್ಚುತ್ತಿದ್ದ. ಇದೇನೋ ಹೊಸ ವಿದ್ಯೆ ಎಂದು ತಂಗಿ ಸುಮ್ಮನಿದ್ದಳು. ಬೇರೆ ಕೆಲವನ್ನೂ ಅವಳು ಗಮನಿಸಿದ್ದಳು. ಮಾತಾಡುವಾಗ ಅಣ್ಣ ಅವಳ ಬಾಯನ್ನೇ ನೋಡುತ್ತಿದ್ದ, ಫೋನ್ ಬಂದರೆ "ನೀನೇ ಮಾತಾಡು" ಎಂದು ದಾಟಿಸುತ್ತಿದ್ದ. ಗಮನಿಸಿದ್ದನ್ನೆಲ್ಲ ಒಂದು ಕಡೆ ಸೇರಿಸಿ ನೋಡುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ.

ಮೊದಲ ಓಡಾಟಕ್ಕೆ ಗೋದಾಮುಗಳ ಹಿಂದಿನ ರಸ್ತೆಗೆ ಹೋದರು. ಅಲ್ಲೊಂದು ಉದ್ದನೆಯ ಎಡ ತಿರುವು. ಅಣ್ಣ ವೇಗ ತಗ್ಗಿಸದೆ ತಿರುಗಿಸಿದಾಗ ಪಕ್ಕದಲ್ಲಿ ಕೂತಿದ್ದ ತಂಗಿಗೆ ಎಣ್ಣೆಯ ಕೆಂಪು ದೀಪ ಒಂದು ಕ್ಷಣ ಮಿಣುಕಿದಂತೆ ಕಂಡಿತು. ವಾಪಸು ಬಂದು ನಿಲ್ಲಿಸಿದಾಗ ಇಂಜಿನ್ನಿನ ಮುಂಭಾಗದಿಂದ ಏನೋ ಸಣ್ಣ ಸದ್ದು, ಉಗುರಿನಿಂದ ಗಾಜು ತಟ್ಟಿದಂತೆ.

"ಅಣ್ಣ, ಎರಡನೇ ಸಿಲಿಂಡರ್ ಹತ್ರ ಟಿಕ್ ಟಿಕ್ ಅಂತಿದೆಯಲ್ವಾ?"

ಅವನು ಅವಳ ತುಟಿ ನೋಡಿದ. ಸ್ಕ್ರೂಡ್ರೈವರ್ ಕಚ್ಚಿ, ಕಣ್ಣು ಮುಚ್ಚಿ, ಬೇಕೆನ್ನುವುದಕ್ಕಿಂತ ಹೆಚ್ಚು ಹೊತ್ತು ನಿಂತ. "ಇಂಜೆಕ್ಟರ್ ಸದ್ದು ಕಣೇ. ಈ ಹೊಸ ಇಂಜಿನ್‌ಗಳ ಹಣೆಬರಹವೇ ಅಷ್ಟು. ಒಳಗೆಲ್ಲ ಬೆಣ್ಣೆ ಇದ್ದಹಾಗಿದೆ."

ನಾಡಿ ಡಾಕ್ಟರೇ ಬೆಣ್ಣೆ ಎಂದ ಮೇಲೆ ತನ್ನ ಕಿವಿಯದೇ ತಪ್ಪಿರಬೇಕು ಎಂದುಕೊಂಡಳು. ದೀಪ ಮಿಣುಕಿದ್ದು? ಅದೂ ತನ್ನದೇ ತಪ್ಪು. ಅರ್ಥ್ ವೈರಿನ ಅವಮಾನ ಇನ್ನೂ ಹಸಿಯಾಗಿತ್ತು. ಎರಡು ದಿನ ಕೂತು ದೀಪದ ವೈರನ್ನು ಗೇಣು ಗೇಣು ಪರೀಕ್ಷಿಸಿದಳು. ವೈರು ಸರಿಯಾಗಿಯೇ ಇತ್ತು. ಎರಡನೆಯ ಸಲ ಹೋದಾಗಲೂ ಅದೇ ತಿರುವಿನಲ್ಲಿ ದೀಪ ಮಿಣುಕಿತು. ಸದ್ದು ಈಗ ಉಗುರಿನದಲ್ಲ, ನಾಣ್ಯದ್ದು. ಅವಳು ಬಾಯಿ ತೆರೆದಳು, ಅಣ್ಣನ ಮುಖದಲ್ಲಿನ ಸಂತೋಷ ನೋಡಿ ಮುಚ್ಚಿಕೊಂಡಳು. ಅಷ್ಟು ಖುಷಿಯಾಗಿ ಅವನು ಗಾಡಿ ಓಡಿಸಿದ್ದನ್ನು ಅವಳು ನೋಡಿ ವರ್ಷಗಳೇ ಆಗಿದ್ದವು.

ಮೂರನೆಯ ಸಲ, ಒಂದು ಗುರುವಾರ ಬೆಳಗ್ಗೆ, ಅದೇ ತಿರುವು ಮುಗಿದು ನೇರ ರಸ್ತೆ ಸಿಗುವ ಹೊತ್ತಿಗೆ ಸದ್ದು ಸುತ್ತಿಗೆಯದಾಯಿತು. ಧಡ್ ಧಡ್ ಧಡ್. ರಸ್ತೆ ಬದಿಯಲ್ಲಿ ಗೋಣಿ ಇಳಿಸುತ್ತಿದ್ದ ಹಮಾಲಿಗಳು ತಲೆಯೆತ್ತಿ ನೋಡಿದರು. ಅಣ್ಣ ಆಕ್ಸಿಲರೇಟರ್ ಇನ್ನೂ ಒತ್ತಿದ.

"ಅಣ್ಣ, ನಿಲ್ಲಿಸು!"

ಅವನು ಮುಂದೆ ನೋಡುತ್ತಾ ಮುಗುಳ್ನಗುತ್ತಿದ್ದ.

"ಅಣ್ಣಾ! ನಿಲ್ಸೋ!" ಹುಟ್ಟಿದಾಗಿನಿಂದ ಅವಳು ಅವನನ್ನು ಹಾಗೆ ಕೂಗಿದ್ದು ಅದೇ ಮೊದಲು. ಅವನು ತಿರುಗಲಿಲ್ಲ. ಅವಳೇ ಕೈ ಚಾಚಿ ಕೀಲಿ ತಿರುಗಿಸಿಬಿಟ್ಟಳು. ಕಾರು ತೇಲುತ್ತಾ ಹೋಗಿ ರಸ್ತೆ ಬದಿಗೆ ನಿಂತಿತು.

"ಯಾಕೆ ಆಫ್ ಮಾಡ್ದೆ?" ಎಂದ ಅಣ್ಣ, ಆಟದ ನಡುವೆ ಎಬ್ಬಿಸಿದ ಮಗುವಿನ ಹಾಗೆ. "ಎಷ್ಟು ಚೆನ್ನಾಗಿ ಹೋಗ್ತಿತ್ತು!"

ಅವಳು ಅವನ ಮುಖ ನೋಡಿದಳು. ಬಾನೆಟ್ಟಿನ ಸಂದಿಯಿಂದ ಸುಟ್ಟ ಎಣ್ಣೆಯ ಹೊಗೆ ಎದ್ದಿತು. ಅದನ್ನು ನೋಡಿದ ಮೇಲೆ ಅವನ ಮುಖದ ನಗು ಇಳಿಯಿತು.

ಕಾರನ್ನು ಎಳೆಸಿಕೊಂಡು ಬಂದು, ಇಂಜಿನ್ ಇಳಿಸಿ, ಸಂಪ್ ಬಿಚ್ಚಿದರು. ತಳದ ಎಣ್ಣೆಯಲ್ಲಿ ತಾಮ್ರದ ಪುಡಿ ಮಿರಮಿರ ಮಿಂಚುತ್ತಿತ್ತು. ಎರಡನೆಯ ಸಿಲಿಂಡರಿನ ಬೇರಿಂಗ್ ಒಡೆದ ಬಳೆಯಂತೆ ಕಿತ್ತುಬಂತು. ಅದರೊಳಗೆ ತಿರುಗುತ್ತಿದ್ದ ಕ್ರ್ಯಾಂಕ್ ದಂಡದ ಭಾಗ ಬಿಸಿಗೆ ನೀಲಿಗಟ್ಟಿತ್ತು. ತಿರುವಿನಲ್ಲಿ ಎಣ್ಣೆಯೆಲ್ಲ ಬಲಕ್ಕೆ ತುಳುಕಿ, ಎಣ್ಣೆ ಹೀರುವ ಕೊಳವೆ ಬರೀ ಗಾಳಿ ಹೀರಿತ್ತು. ತಡೆ ತಗಡು ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಮೊದಲ ದಿನವೇ ಬಿಚ್ಚಿದ್ದರೆ ಒಂದು ಜೊತೆ ಬೇರಿಂಗಿನಲ್ಲಿ ಮುಗಿಯುತ್ತಿತ್ತು.

ಅಣ್ಣ ಮುರಿದ ಬೇರಿಂಗನ್ನು ಅಂಗೈಯಲ್ಲಿ ಇಟ್ಟುಕೊಂಡು ಮರದ ಡಬ್ಬದ ಮೇಲೆ ಕೂತ.

"ಮೊದಲ ದಿನ ಟಿಕ್ ಅಂತಿದೆ ಅಂದ್ಯಲ್ಲ. ನಿಜವಾಗ್ಲೂ ಕೇಳಿಸ್ತಿತ್ತಾ?"

ಅವಳು ತಲೆಯಾಡಿಸಿದಳು.

"ಎರಡನೇ ಸಲ?"

"ಇನ್ನೂ ಜೋರಾಗಿತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಬೆಣ್ಣೆ ಅಂದ್ಯಲ್ಲ ಅಣ್ಣ."

ಅವನು ಎದ್ದು, ಸಂದು ಅಳೆಯುವ ಫೀಲರ್ ಗೇಜ್ ಇಡುವ ಡ್ರಾಯರ್ ಎಳೆದು, ಒಂದು ಪುಟ್ಟ ಡಬ್ಬಿ ತೆಗೆದು ಅವಳ ಮುಂದಿಟ್ಟ. ಒಳಗೆ ಕಿವಿಗೆ ಹಾಕುವ ಯಂತ್ರ, ಬಳಸಿಯೇ ಇಲ್ಲದಷ್ಟು ಹೊಸದು.

"ಎರಡು ವರ್ಷ ಆಯ್ತು. ಮೊದ್ಲು ಹೋಗಿದ್ದು ಸಣ್ಣ ಸದ್ದುಗಳು. ಟ್ಯಾಪೆಟ್ ಸದ್ದು, ಬೆಲ್ಟ್ ಕಿರಗುಟ್ಟೋದು. ನರ ಸವೆದಿದೆಯಂತೆ. ನಲವತ್ತೈದು ವರ್ಷ ಗ್ರೈಂಡರ್ ಪಕ್ಕ ನಿಂತಿದ್ದಕ್ಕೆ ಬಂದ ಬಹುಮಾನ. ಇನ್ನು ವಾಪಸ್ ಬರಲ್ಲ ಅಂದ್ರು ಕಿವಿ ಡಾಕ್ಟ್ರು. ಇದನ್ನ ಹಾಕ್ಕೊಂಡ್ರೆ ಜನರ ಮಾತು ಅರ್ಥ ಆಗುತ್ತೆ ಪುಟ್ಟಿ, ಇಂಜಿನ್ ಅರ್ಥ ಆಗಲ್ಲ. ಎಲ್ಲಾ ಒಂದೇ ಥರ, ಡಬ್ಬ ಎಳೆದ ಹಾಗೆ. ಅದಕ್ಕೇ ತೆಗೆದಿಟ್ಟೆ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಾಡಿ ಡಾಕ್ಟರಿಗೆ ನಾಡಿ ಸಿಗ್ತಿಲ್ಲ ಅಂತಲಾ?" ನಗಲು ಹೋದವನ ಕಣ್ಣು ತುಂಬಿ ಹರಿಯಿತು. "ಕೈಯಲ್ಲಿ, ಹಲ್ಲಲ್ಲಿ ನಡುಕ ಹಿಡ್ಕೊಂಡು ಹೇಗೋ ತಳ್ಳಿದೆ. ನೀನು ಕೇಳ್ದಾಗ ಇಂಜೆಕ್ಟರ್ ಅಂತ ಊಹೆ ಮೇಲೆ ಹೇಳ್ಬಿಟ್ಟೆ. ಊಹೆ ಮೇಲೆ! ಅಪ್ಪ ಇದ್ದಿದ್ರೆ ಕೆನ್ನೆಗೆ ಹೊಡೀತಿದ್ರು."

ಅವನು ಅಳುವುದನ್ನು ಅವಳು ಅಪ್ಪ ಹೋದ ದಿನವೂ ನೋಡಿರಲಿಲ್ಲ. ಹತ್ತಿರ ಹೋಗಿ ಡಬ್ಬದ ಮೇಲೆ ಪಕ್ಕದಲ್ಲಿ ಕೂತಳು. ಗ್ರೀಸಿನ ಕೈಯಿಂದಲೇ ಅವನ ಬೆನ್ನು ಸವರಿದಳು. ಅವನಿಗೆ ಕಿವಿ ಕೇಳದಿರುವುದಕ್ಕಿಂತ ತಾನು ಕೇಳಿಸಿಕೊಂಡೂ ಸುಮ್ಮನಿದ್ದದ್ದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮನೆಯಲ್ಲಿ ಹೇಳುವ ಕೆಲಸವನ್ನು ಅವನು ಅವಳ ತಲೆಗೇ ಕಟ್ಟಿದ. ಅತ್ತಿಗೆ ಒಣಗಿದ ಬಟ್ಟೆ ಮಡಚುತ್ತಾ ಪೂರ್ತಿ ಕೇಳಿದಳು.

"ಅಂದ್ರೆ ಈ ಎರಡು ವರ್ಷ ನಾನು ಗಂಟಲು ಹರ್ಕೊಂಡು ಬೈದಿದ್ದೆಲ್ಲ..."

"ಕೇಳಿಸಿರಲ್ಲ ಅತ್ತಿಗೆ."

ಅತ್ತಿಗೆಗೆ ಮೊದಲು ನಗು ಬಂತು. ಆಮೇಲೆ ಅಣ್ಣನ ಅಂಗಿಯೊಂದನ್ನು ಮುಖಕ್ಕೆ ಒತ್ತಿಕೊಂಡಳು. "ಕಿವಿಗೆ ಹಾಕ್ಕೊಳ್ಳಲ್ಲ, ನನ್ನ ಮಾತಿಗೆ ಬೆಲೆ ಇಲ್ಲ ಅಂತ ತಿಳ್ಕೊಂಡು ಮಾತೇ ಕಮ್ಮಿ ಮಾಡ್ಬಿಟ್ಟಿದ್ದೆನಲ್ಲೇ," ಎಂದು ಬಿಕ್ಕಿದಳು.

ಇಂಜಿನ್ ಮತ್ತೆ ಕಟ್ಟಲು ಏಳು ವಾರ ಹಿಡಿಯಿತು. ಕ್ರ್ಯಾಂಕ್ ಅರೆಸಿ, ಹೊಸ ಬೇರಿಂಗ್ ಕೂರಿಸಿ, ಪ್ರತಿಯೊಂದರ ಸಂದನ್ನೂ ಅಣ್ಣ ಮೂರು ಮೂರು ಸಲ ಅಳೆದ. ಅವನ ಕಣ್ಣಿಗೂ ಬೆರಳಿಗೂ ಏನೂ ಆಗಿರಲಿಲ್ಲ. ಸಂಪಿನೊಳಗೆ ತಡೆ ತಗಡುಗಳನ್ನು ಬೆಸೆದ. ಎಣ್ಣೆ ಒಳಗೆ ಬರಬಹುದು, ಹೊರಗೆ ಹೋಗಬಾರದು, ಹಾಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳನ್ನು ಕೊಳವೆಯ ಸುತ್ತ ಇಟ್ಟ. ಡ್ಯಾಶ್‌ಬೋರ್ಡಿನ ಕೆಳಗೆ ಯಾರ ಕಣ್ಣಿಗೂ ಬೀಳದಂತೆ ತಂಗಿ ಗೇಜ್ ಹಾಕಿದಳು. ಓಡಾಟಕ್ಕೆ ಹೊರಟಾಗ ಅಣ್ಣ ಕೀಲಿಯನ್ನು ಅವಳ ಕೈಗೆ ಕೊಟ್ಟ.

"ನೀನೂ ಬಾ ಅಣ್ಣ."

"ಬೇಡ. ನಾನು ಪಕ್ಕದಲ್ಲಿದ್ರೆ ನೀನು ನನ್ನ ಮುಖ ನೋಡ್ತೀಯ. ಹೋಗು."

ಅವಳು ಒಬ್ಬಳೇ ಹೋದಳು. ತಿರುವಿನಲ್ಲಿ ಗೇಜಿನ ಮುಳ್ಳು ಕದಲಲಿಲ್ಲ. ಆರು ಸಿಲಿಂಡರುಗಳೂ ಒಂದೇ ಉಸಿರಿನಲ್ಲಿ ಹಾಡಿದಂತಿತ್ತು. ಇದನ್ನು ಅವನು ಕೇಳಬೇಕಿತ್ತು ಎನ್ನಿಸಿ ಅವಳಿಗೆ ರಸ್ತೆ ಮಂಜಾಯಿತು. ಬದಿಗೆ ನಿಲ್ಲಿಸಿ, ಕಣ್ಣೊರೆಸಿಕೊಂಡು ಮತ್ತೆ ಹೊರಟಳು.

ಡಾಕ್ಟರು ಕಾರು ಒಯ್ಯಲು ಬಂದಾಗ ಇಷ್ಟು ತಡವೇಕೆ ಎಂದು ಕೇಳಿದರು. "ವೈರಿಂಗ್ ತಪ್ಪಾಗಿತ್ತು ಸಾರ್, ನನ್ನಿಂದಲೇ," ಎಂದಳು ತಂಗಿ, ಅಣ್ಣನಿಗೆ ತುಟಿ ಕಾಣದಂತೆ ಮುಖ ಆ ಕಡೆ ತಿರುಗಿಸಿ. ಆದರೆ ಅಣ್ಣ ಅಂದು ಕಿವಿಯ ಯಂತ್ರ ಹಾಕಿಕೊಂಡಿದ್ದ.

"ಅವಳು ಸುಳ್ಳು ಹೇಳ್ತಿದ್ದಾಳೆ ಡಾಕ್ಟ್ರೇ," ಎಂದ, ಬೇಕಾದ್ದಕ್ಕಿಂತ ಜೋರಾಗಿ. "ಇಂಜಿನ್ ಹಾಳು ಮಾಡಿದ್ದು ನಾನು. ನಂಗೆ ಕಿವಿ ಕೇಳ್ಸಲ್ಲ."

ಪಕ್ಕದ ಟಯರ್ ಅಂಗಡಿಯವನೂ ಕೆಲಸ ನಿಲ್ಲಿಸಿ ನೋಡಿದ. ಡಾಕ್ಟರು ಒಳಗೆ ಕೂತು ಕಾರು ಸ್ಟಾರ್ಟ್ ಮಾಡಿದರು. ಇಂಜಿನ್ ಗುಡುಗಿ, ನಿಧಾನಕ್ಕೆ ಒಂದು ಲಯಕ್ಕೆ ಇಳಿಯಿತು. ರೂಢಿಯ ಬಲದಿಂದ ಎಲ್ಲರೂ ಅಣ್ಣನ ಮುಖ ನೋಡಿದರು. ಅವನು ತಂಗಿಯ ಮುಖ ನೋಡಿದ. ಅವಳು ಸರಿಯಿದೆ ಎಂದು ತಲೆಯಾಡಿಸಿದ ಮೇಲೆ ಬಾನೆಟ್ ಇಳಿಸಿ ಒಳಗೆ ಹೋದ.

ಸುದ್ದಿ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ಬಂದವರು ಅವನ ಮುಂದೆ ನಿಂತು ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕಿರಿಚಿದರು. ಕೆಲವರು ಅವನನ್ನು ದಾಟಿ ನೇರ ಅವಳ ಹತ್ತಿರ ಬಂದರು. ಅಣ್ಣ ಯಾರೊಂದಿಗೂ ಜಗಳ ಮಾಡಲಿಲ್ಲ. ಹಿಂದಿನ ಬೆಂಚಿಗೆ ಸರಿದು ಅಳತೆಯ ಕೆಲಸ, ಬೆಸುಗೆಯ ಕೆಲಸ ನೋಡಿಕೊಂಡ. ಅವನನ್ನು ನಾಡಿ ಡಾಕ್ಟರು ಎಂದು ಕರೆಯುವುದನ್ನು ಜನ ತಾವಾಗಿಯೇ ಬಿಟ್ಟರು.

ಒಂದು ಮಧ್ಯಾಹ್ನ ಟ್ಯಾಕ್ಸಿಯವನೊಬ್ಬ ಬಂದು ತನ್ನ ಇಂಜಿನ್ನಿನಲ್ಲಿ ಏನೋ ಸದ್ದು ಎಂದ. ತಂಗಿ ಬಗ್ಗಿ ಕಿವಿಗೊಟ್ಟಳು. ಸದ್ದು ಇತ್ತು. ವಾಟರ್ ಪಂಪಿನದೇ ಎನ್ನಿಸಿತು, ಆದರೆ ಬೆಲ್ಟಿನ ರಾಟೆಯದೂ ಇರಬಹುದಿತ್ತು. ಹೌದೋ ಅಲ್ಲವೋ ಎಂದು ಕೇಳಲು ಹಿಂದಿರುಗಿ ನೋಡಿದಳು. ಬೆಂಚಿನ ಹತ್ತಿರ ಅಣ್ಣ ಬೆನ್ನು ಮಾಡಿಕೊಂಡು ಯಾವುದೋ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಏನಂತೀರಮ್ಮಾ?" ಎಂದ ಟ್ಯಾಕ್ಸಿಯವನು.

"ಒಂದು ನಿಮಿಷ ಇರಪ್ಪ," ಎಂದು ಅವಳು ಮತ್ತೆ ಬಗ್ಗಿದಳು.